ಜೋಪಾನಮ್ಮನ ಎಡಗಾಲು

ಎರಡನೇ ತರಗತಿಯ ಟೀಚರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಆದರೆ ಶಾಲೆಯಲ್ಲಿ ಅದು ಸಹಿ ಹಾಕುವ ಪುಸ್ತಕ ಬಿಟ್ಟು ಆಚೆ ಬಂದದ್ದೇ ಇಲ್ಲ. ಕೂತರೆ ಜೋಪಾನ, ಎದ್ದರೆ ಜೋಪಾನ ಅನ್ನುತ್ತಿದ್ದುದರಿಂದ ಮಕ್ಕಳು ಬೆನ್ನ ಹಿಂದೆ ಅವರನ್ನು ಜೋಪಾನಮ್ಮ ಅನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಬೇಜಾರೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯೇ.

ಸೋಮವಾರ ಬಂತೆಂದರೆ ಮೊದಲ ಪೀರಿಯಡ್ಡಿನಲ್ಲಿ ಪಾಠವಿಲ್ಲ, ತಪಾಸಣೆ. ಮಕ್ಕಳು ಎರಡೂ ಕೈಗಳನ್ನು ಡೆಸ್ಕಿನ ಮೇಲೆ ಬೋರಲಾಗಿ ಚಾಚಿ ಕೂರಬೇಕು. ಉಗುರು, ಹಲ್ಲು, ಕಿವಿಯ ಹಿಂಭಾಗ, ಕಾಲ್ಚೀಲ ಒಂದೊಂದಾಗಿ ನೋಡುತ್ತಾ ಬಂದು, ಆಮೇಲೆ ಬ್ಯಾಗಿಗೆ ಕೈ ಹಾಕುತ್ತಿದ್ದರು. ಪೆನ್ಸಿಲ್ಲಿಗೆ ಕ್ಯಾಪು ಇರಬೇಕು, ರಬ್ಬರಿನ ಬೆನ್ನ ಮೇಲೆ ಹೆಸರಿರಬೇಕು, ನೀರಿನ ಬಾಟಲಿಯ ಮುಚ್ಚಳವನ್ನು ಮೂಸಿದರೆ ವಾಸನೆ ಬರಬಾರದು. "ವಸ್ತೂನ ನೀನು ನೋಡ್ಕೊಂಡ್ರೆ ಅದು ನಿನ್ನ ನೋಡ್ಕೊಳ್ಳತ್ತೆ. ಮೈಯೂ ಅಷ್ಟೇ, ಪುಟ್ಟಾ," ಎಂದು ಇಪ್ಪತ್ತಾರು ವರ್ಷದಿಂದ ಹೇಳಿದ್ದನ್ನೇ ಹೇಳುತ್ತಿದ್ದರು.

ಬರೀ ಬಾಯಿಮಾತಿನವರಲ್ಲ. ಅವರ ಕೊಡೆಗೆ ಹದಿನಾಲ್ಕು ವರ್ಷ. ಕಾಲಿನ ಚಪ್ಪಲಿಗೆ ಆರು ವರ್ಷ. ಪಟ್ಟಿ ಮೂರು ಸಲ ಹೊಲಿಸಿದ್ದರು, ಅಟ್ಟೆ ಸವೆದು ಹಪ್ಪಳದ ಹಾಗಾಗಿತ್ತು. ಬಸ್ ಓಡಿಸಿ ನಿವೃತ್ತರಾಗಿದ್ದ ಗಂಡ, "ಇದನ್ನ ಇನ್ನೇನು ಮ್ಯೂಸಿಯಮ್ಮಿಗೆ ಕೊಡೋದೊಂದೇ ಬಾಕಿ" ಎಂದು ರೇಗಿಸಿದರೆ, "ಬಾಳಿಸೋದಕ್ಕೂ ಯೋಗ್ಯತೆ ಬೇಕು ಕಣ್ರೀ" ಅನ್ನುವರು.

ಆ ಸೋಮವಾರವೂ ತಪಾಸಣೆ ಎಂದಿನಂತೆ ನಡೆದಿತ್ತು. ಮೂರನೇ ಸಾಲಿನಲ್ಲಿ ಮರೆಗುಳಿ ಎಂದೇ ಹೆಸರಾದ ಹುಡುಗಿಯೊಬ್ಬಳಿದ್ದಳು. ತಲೆ ಕತ್ತಿಗೆ ಅಂಟಿಕೊಂಡಿದೆ, ಇಲ್ಲದಿದ್ದರೆ ಅದನ್ನೂ ಎಲ್ಲಾದರೂ ಬಿಟ್ಟು ಬರುತ್ತಿದ್ದಳು. ಅವತ್ತು ಅವಳ ಪೆನ್ಸಿಲ್ ಕ್ಯಾಪು ನಾಪತ್ತೆ.

"ಈಗ ಇತ್ತು ಟೀಚರ್. ಉರುಳ್ಕೊಂಡು ನಿಮ್ಮ ಮೇಜಿನ ಕಡೆ ಹೋಯ್ತು."

"ಹೋದದ್ದು ತಾನಾಗೇ ಬರತ್ತಾ? ಹೋಗು, ಹುಡುಕು."

ಹುಡುಗಿ ಮೇಜಿನ ಕೆಳಗೆ ನುಸುಳಿದಳು. ಟೀಚರು ಕುರ್ಚಿಯಲ್ಲಿ ಕೂತು, ಎಡಗಾಲನ್ನು ಹಿಂದಕ್ಕೆ ಮಡಚಿ, ಹಾಜರಿ ತೆಗೆಯಲು ಶುರುಮಾಡಿದರು. ಕೆಳಗಿನಿಂದ ದನಿ ಬಂತು.

"ಟೀಚರ್, ನಿಮ್ಮ ಚಪ್ಪಲೀಲಿ ಒಂದು ಪಿನ್ ಇದೆ."

"ಕ್ಯಾಪು ಹುಡುಕು ಅಂದ್ರೆ ಪಿನ್ನು ಹುಡುಕ್ತೀಯೇನೇ?"

ತರಗತಿ ಗೊಳ್ಳೆಂದಿತು. ಟೀಚರೂ ನಕ್ಕರು.

"ಟೀಚರ್... ರಕ್ತಾನೂ ಇದೆ."

ನಗು ಅಲ್ಲೇ ನಿಂತಿತು. ಟೀಚರು ಕಾಲನ್ನು ಮುಂದಕ್ಕೆ ತಂದು, ಬಲ ಮೊಣಕಾಲಿನ ಮೇಲಿಟ್ಟುಕೊಂಡು ಬಗ್ಗಿ ನೋಡಿದರು. ಅಟ್ಟೆಯ ಕೆಳಗೆ, ಕಿರುಬೆರಳಿನ ಬುಡಕ್ಕೆ ಸರಿಯಾಗಿ, ಬೋರ್ಡ್ ಪಿನ್ನಿನ ಹಸಿರು ತಲೆ ಒಂದು ಗುಂಡಿಯ ಹಾಗೆ ಕೂತಿತ್ತು. ಚಪ್ಪಲಿ ಕಳಚಲು ಹೋದರೆ ಬರಲೊಲ್ಲದು. ಜಗ್ಗಿದರು. ಒದ್ದೆ ಕಾಗದ ಗೋಡೆಯಿಂದ ಬಿಟ್ಟುಕೊಂಡಂಥ ಸದ್ದಾಗಿ ಬಂತು. ಅಟ್ಟೆಯ ಮೇಲ್ಗಡೆ ಪಿನ್ನಿನ ಮೊನೆ ನೆಟ್ಟಗೆ ನಿಂತಿತ್ತು. ಪಾದದಲ್ಲಿ ಒಂದು ತೂತು, ಅಂಚೆಲ್ಲ ಬೆಳ್ಳಗೆ ನೆನೆದು, ಸುತ್ತ ಚರ್ಮ ಕಪ್ಪುಗೆಂಪಾಗಿ ಊದಿಕೊಂಡಿತ್ತು.

ಅವರು ಹೌಹಾರಿದ್ದು ಗಾಯ ಕಂಡು ಅಲ್ಲ. ನೋವೇ ಇರಲಿಲ್ಲ! ಹೆಬ್ಬೆರಳಿನಿಂದ ಗಾಯದ ಪಕ್ಕ ಒತ್ತಿದರು. ಯಾರದೋ ಕಾಲನ್ನು ಒತ್ತಿದ ಹಾಗಿತ್ತು. ಇನ್ನೂ ಜೋರಾಗಿ ಒತ್ತಿದರು. ಕೀವು ಬಂತೇ ಹೊರತು ನೋವು ಬರಲಿಲ್ಲ.

ಆಮೇಲೆ ಆ ಹಸಿರು ಬಣ್ಣ ತಲೆಗೆ ಹೊಕ್ಕಿತು. ಶಾಲೆಯಲ್ಲಿ ಇದ್ದದ್ದೆಲ್ಲ ಹಿತ್ತಾಳೆ ಪಿನ್ನುಗಳು. ಹಸಿರು ಪಿನ್ನಿನ ಡಬ್ಬಿ ತಂದು ಬಿಚ್ಚಿದ್ದು ಶುಕ್ರವಾರ ಮಧ್ಯಾಹ್ನ, ಗೋಡೆಗೆ ‘ಹಲ್ಲು ಉಜ್ಜುವುದು ಹೇಗೆ’ ಅನ್ನುವ ಚಾರ್ಟು ಹಾಕುವುದಕ್ಕೆ. ಅಂದರೆ ಶುಕ್ರವಾರ ಇದನ್ನು ತುಳಿದುಕೊಂಡೇ ಮನೆಗೆ ನಡೆದಿದ್ದಾರೆ. ಶನಿವಾರ ಮಾರ್ಕೆಟ್ಟು ಸುತ್ತಿದ್ದಾರೆ. ಭಾನುವಾರ ತಂಗಿಯ ಮನೆಯ ಮೂರು ಮಹಡಿ ಹತ್ತಿ ಇಳಿದಿದ್ದಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ, ಮತ್ತೆ ಮೆಟ್ಟಿದಾಗ, ಒಂದು ಸಲವೂ ಗೊತ್ತಾಗಿಲ್ಲ. ಅಡುಗೆಮನೆಯ ನೆಲದ ಮೇಲೆ ಕಂದು ಚುಕ್ಕಿ ಕಂಡು, "ಟೀ ತುಳುಕಿಸ್ಕೊಂಡು ಓಡಾಡ್ತೀರಲ್ಲ, ವಸಿ ಜೋಪಾನ ಬೇಡ್ವಾ?" ಎಂದು ಗಂಡನನ್ನು ಬೈದೂ ಇದ್ದಾರೆ. ಆ ಮನುಷ್ಯ ತುಟಿ ಪಿಟಕ್ಕೆನ್ನದೆ ಬಟ್ಟೆ ತಂದು ಒರೆಸಿದ್ದರು.

"ನೋಯಲ್ವಾ ಟೀಚರ್?" ಎಂದು ಮುಂದಿನ ಸಾಲಿನಿಂದ ಯಾರೋ ಕೇಳಿದರು. ಟೀಚರು ಗಾಯದ ಪಕ್ಕ ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದರು.

ಮರೆಗುಳಿ ಮೇಜಿನ ಕೆಳಗಿನಿಂದ ಎದ್ದು ಬಂದು ನಿಂತಳು. "ಗಾಯ ಆದ್ರೆ ಮುಚ್ಚಿಡಬಾರದು, ದೊಡ್ಡೋರಿಗೆ ಹೇಳ್ಬೇಕು ಅಂತ ನೀವೇ ಹೇಳಿದ್ರಲ್ಲ? ನೀವೇ ದೊಡ್ಡೋರು. ಈಗ ಯಾರಿಗೆ ಹೇಳ್ಲಿ?"

ಉತ್ತರಕ್ಕೆ ಕಾಯಲಿಲ್ಲ. ಹೆಡ್‌ಮಿಸ್ ಕೋಣೆಯ ಕಡೆ ಓಟ ಕಿತ್ತಳು. ಎಲ್ಲ ಮರೆಯುವ ಹುಡುಗಿ ಆ ಒಂದು ಮಾತನ್ನು ಮರೆತಿರಲಿಲ್ಲ.

ಆಸ್ಪತ್ರೆಯಲ್ಲಿ ಇವರನ್ನು ನೋಡಿದ್ದು ಮಗಳ ವಯಸ್ಸಿನ ಡಾಕ್ಟರಮ್ಮ. ಗಂಡನೂ ಅಷ್ಟು ಹೊತ್ತಿಗೆ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಓಡಿ ಬಂದಿದ್ದರು. ಡಾಕ್ಟರಮ್ಮ ಗಾಯ ತೊಳೆದು, ರಕ್ತ ಪರೀಕ್ಷೆಗೆ ಕಳಿಸಿ, ಒಂದು ಕಡ್ಡಿಯ ತುದಿಗೆ ಸಿಕ್ಕಿಸಿದ ನೈಲಾನ್ ಎಳೆ ತೋರಿಸಿದರು.

"ಕಣ್ಣು ಮುಚ್ಕೊಳ್ಳಿ ಅಮ್ಮ. ಇದರಿಂದ ಪಾದ ಮುಟ್ತೀನಿ. ಮುಟ್ಟಿದ್ದು ಗೊತ್ತಾದಾಗೆಲ್ಲ ಹೂಂ ಅನ್ನಿ."

ಟೀಚರು ಕಣ್ಣು ಮುಚ್ಚಿದರು. ಪರೀಕ್ಷೆಗೆ ಕೂತ ಮಗುವಿನ ಹಾಗೆ ಮೈಯೆಲ್ಲ ಗಮನವಾಗಿ ಕಾದರು. ಫ್ಯಾನು ಕಿರುಗುಟ್ಟುವುದು ಕೇಳುತ್ತಿತ್ತು. ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಕೊನೆಗೆ ತಾಳ್ಮೆಗೆಟ್ಟು, "ಶುರು ಮಾಡಿ ಡಾಕ್ಟ್ರೇ, ನಾನು ರೆಡಿ" ಅಂದರು.

ಕಣ್ಣು ಬಿಟ್ಟರೆ ಗಂಡ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು.

"ಮುಗೀತು ಅಮ್ಮ," ಅಂದರು ಡಾಕ್ಟರಮ್ಮ. "ಹತ್ತು ಕಡೆ ಮುಟ್ಟಿದೀನಿ."

ಟೀಚರು ಪಾದದ ಕಡೆ ನೋಡಿದರು. ಕಾಲು ಕಣ್ಣೆದುರಿಗೇ ಇತ್ತು, ಬೆರಳು ಆಡಿಸಿದರೆ ಆಡುತ್ತಿತ್ತು. ಆದರೆ ಅದು ತಮ್ಮದಲ್ಲವಾಗಿ ಎಷ್ಟು ದಿನವಾಗಿತ್ತೋ!

ಸಕ್ಕರೆ ಕಾಯಿಲೆ, ಬಂದು ಐದಾರು ವರ್ಷವಾದರೂ ಆಗಿರಬೇಕು, ಕಾಲಿನ ನರಗಳು ಸತ್ತಿವೆ ಎಂದರು ಡಾಕ್ಟರಮ್ಮ. "ಮೊದಲೇ ಏನೂ ಗೊತ್ತಾಗಲಿಲ್ವಾ? ಬಾಯಾರಿಕೆ, ಸುಸ್ತು, ಕಾಲು ಜೋಮು ಹಿಡಿಯೋದು?"

ಗೊತ್ತಾಗಿತ್ತು. ಎರಡು ವರ್ಷದಿಂದ ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತಿತ್ತು. ಗಂಡ ತಮ್ಮ ಬಿ.ಪಿ. ಪರೀಕ್ಷೆಗೆ ಹೋದಾಗಲೆಲ್ಲ "ನೀನೂ ಒಂದ್ಸಲ ರಕ್ತ ಕೊಡೇ" ಎಂದು ಗೋಗರೆದಿದ್ದರು. ಮಕ್ಕಳ ಪರೀಕ್ಷೆ ಮುಗೀಲಿ, ಸ್ಕೂಲ್ ಡೇ ಮುಗೀಲಿ, ರಜ ಬರ್ಲಿ ಎಂದು ತಳ್ಳುತ್ತಾ ಬಂದವರು ಇವರೇ.

ಗಂಡ, "ಹೇಳೋದು ಶಾಸ್ತ್ರ..." ಎಂದು ಶುರುಮಾಡಿ, ಹೆಂಡತಿಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು. ಉಳಿದರ್ಧ ಗಾದೆ ಯಾರಿಗೆ ಗೊತ್ತಿಲ್ಲ?

ಸೋಂಕು ಎಲುಬಿಗೆ ಇಳಿದಿತ್ತು. ಒಂಬತ್ತನೇ ದಿನ ಕಿರುಬೆರಳು ತೆಗೆದರು.

ಏಳು ವಾರ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತವರಿಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ಹೊಟ್ಟೆ ನೋವು ಎಂದವನಿಗೆ "ಲೆಕ್ಕದ ಪೀರಿಯಡ್ಡಲ್ಲೇ ನೋಯತ್ತಾ ನಿಂಗೆ?" ಅಂದಿದ್ದರು. ತಲೆ ಸುತ್ತುತ್ತೆ ಎಂದವಳಿಗೆ "ಬೆಳಿಗ್ಗೆ ಬೇಗ ಎದ್ದಿದ್ರೆ ಸುತ್ತಲ್ಲ" ಅಂದಿದ್ದರು. ಉಗುರು ಕಂಡಿತ್ತು, ಹಲ್ಲು ಕಂಡಿತ್ತು. ಒಳಗಿನಿಂದ ಮೈ ಹೇಳುವುದನ್ನು ಕೇಳಿಸಿಕೊಳ್ಳಿ ಎಂದು ಒಂದು ದಿನವಾದರೂ ಹೇಳಿಕೊಟ್ಟಿದ್ದರೇ?

ಮೆತ್ತನೆಯ ಅಗಲ ಬೂಟು ಹಾಕಿಕೊಂಡು, ಊರುಗೋಲು ಹಿಡಿದು ಶಾಲೆಗೆ ಮರಳಿದ ದಿನ ಮಕ್ಕಳೆಲ್ಲ ಆ ಬೂಟನ್ನೇ ನೋಡುತ್ತಿದ್ದರು. ಕಡೆಗೆ ಒಬ್ಬ ಪೋರ ಧೈರ್ಯ ಮಾಡಿ ಕೇಳಿದ: "ಟೀಚರ್, ಆ ಬೆರಳು ಈಗ ಎಲ್ಲಿದೆ?"

ಟೀಚರಿಗೆ ದಿಗಿಲಾಯಿತು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲ ಕಣೋ. ಕಳ್ಕೊಂಡ್ಬಿಟ್ಟೆ," ಅಂದರು. ಹೇಳುತ್ತಲೇ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಬೂಟು ಬಿಚ್ಚಿ, ಕುರ್ಚಿಯ ಮೇಲೆ ಕಾಲಿಟ್ಟು, ನಡೆದದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಜೋಮು ಹಿಡಿದದ್ದು, ಪರೀಕ್ಷೆಗೆ ಹೋಗಲು ಹೆದರಿದ್ದು, ಸುಳ್ಳು ಸುಳ್ಳೇ ನೆಪ ಹೇಳಿದ್ದು, ಎಲ್ಲ.

ಮುಂದಿನ ಸೋಮವಾರ ತಪಾಸಣೆಗೆ ಒಂದು ಪ್ರಶ್ನೆ ಸೇರಿತು. ಕೈ ಬಾಯಿ ನೋಡುವ ಮೊದಲು, "ಯಾರಿಗೆ ಮೈಯಲ್ಲಿ ಎಲ್ಲಾದ್ರೂ ಏನಾದ್ರೂ ಆಗ್ತಿದೆಯಾ? ಹೇಳಿದ್ರೆ ನಾನು ಬೈಯಲ್ಲ" ಅಂದರು. ಕೈಗಳು ಕಾಡಿನ ಹಾಗೆ ಎದ್ದವು. ಒಬ್ಬನಿಗೆ ಮೊಣಕೈ ತುರಿಕೆ, ಒಬ್ಬಳಿಗೆ ಹಲ್ಲು ಅಲ್ಲಾಡುವುದು, ಇನ್ನೊಬ್ಬನಿಗೆ ಮೂಗಿನೊಳಗೆ ಇರುವೆ ಹೋದ ಅನುಮಾನ. ಟೀಚರು ಒಂದೊಂದನ್ನೂ ನಗದೆ ಕೇಳಿಸಿಕೊಂಡರು.

ಎಲ್ಲರದೂ ಮುಗಿದ ಮೇಲೆ ಮೊದಲನೇ ಬೆಂಚಿನ ಹುಡುಗಿ ಮೆಲ್ಲಗೆ ಕೈ ಎತ್ತಿದಳು. ತಪಾಸಣೆಯಲ್ಲಿ ಒಂದು ದಿನವೂ ಬೈಸಿಕೊಳ್ಳದವಳು. ಉಗುರು ಶುಭ್ರ, ಪುಸ್ತಕಕ್ಕೆ ಮಡಿಕೆ ಬಿದ್ದದ್ದಿಲ್ಲ.

"ನಂಗೆ ಬಲಗಿವಿ ಕೇಳ್ಸಲ್ಲ ಟೀಚರ್."

ಟೀಚರು ಊರುಗೋಲು ಗಟ್ಟಿಯಾಗಿ ಹಿಡಿದರು. "ಯಾವತ್ತಿಂದ ಮಗಳೇ?"

"ಒಂದನೇ ಕ್ಲಾಸಿಂದ."

"ಯಾಕೆ ಹೇಳ್ಲಿಲ್ಲ?"

ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. "ನೀವು ಕಿವಿ ಕ್ಲೀನಾಗಿದೆಯಾ ಅಂತ ನೋಡ್ತಿದ್ರಿ. ಕ್ಲೀನಾಗಿತ್ತಲ್ಲ."

ಪ್ರತಿ ಸೋಮವಾರ ಅದೇ ಕಿವಿಯನ್ನು ಬೆರಳಿನಿಂದ ಮಡಚಿ ನೋಡಿ, "ಶಹಬ್ಬಾಸ್" ಎಂದು ಬೆನ್ನು ತಟ್ಟಿದವರು ತಾವೇ. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟಾಗಲೂ ಇಷ್ಟು ತತ್ತರಿಸಿರಲಿಲ್ಲ ಅವರು. ಆ ಹುಡುಗಿಯ ಪಕ್ಕದಲ್ಲೇ, ಅವಳ ಎಡಗಡೆಗೆ, ಬೆಂಚಿನ ಮೇಲೆ ಕೂತರು.

ಅವತ್ತೇ ಹುಡುಗಿಯ ಅಮ್ಮನನ್ನು ಕರೆಸಿದರು. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಆ ಹೆಂಗಸು ಮೊದಲು ನಂಬಲೇ ಇಲ್ಲ. "ಕರೆದ್ರೆ ತಿರುಗ್ತಾಳಲ್ಲ ಟೀಚರ್? ಒಂದೊಂದ್ಸಲ ಹಟ ಮಾಡ್ತಾಳೆ ಅಂತ ನಾನು ಹೊಡೆದೂ ಇದ್ದೀನಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಕಿವಿ ಡಾಕ್ಟರ ಹತ್ತಿರ ಮೂವರೂ ಒಟ್ಟಿಗೆ ಹೋದರು. ಕಿವಿಯ ತಮಟೆಯ ಹಿಂದೆ ನೀರು ಕಟ್ಟಿತ್ತು. ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಪೂರ್ತಿಯಲ್ಲ, ಮುಕ್ಕಾಲು ಭಾಗ ಕಿವಿ ಬಂತು. ಬ್ಯಾಂಡೇಜು ಬಿಚ್ಚಿದ ದಿನ ಹುಡುಗಿ ಬಸ್ಸಿನ ಹಾರ್ನ್ ಕೇಳಿ ಬೆಚ್ಚಿಬಿದ್ದು, "ಇಷ್ಟು ಜೋರಾ ಇದು?" ಎಂದು ಕೇಳಿದಳಂತೆ.

ಟೀಚರು ಇನ್ನೂ ನಾಲ್ಕು ವರ್ಷ ಪಾಠ ಮಾಡಿದರು. ಸಂಜೆ ಮನೆಗೆ ಬಂದ ಕೂಡಲೇ ಗಂಡ ಕನ್ನಡಕ ಏರಿಸಿ, ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿ ಬಿಡಿಸಿ ಬಿಡಿಸಿ ನೋಡುತ್ತಿದ್ದರು.

"ಏನಿಲ್ಲ ಕಣೇ."

"ಸರಿಯಾಗಿ ನೋಡಿದ್ರಾ?"

"ನೋಡ್ದೆ."

"ಇನ್ನೊಂದ್ಸಲ ನೋಡಿ."

ಅವರು ಮತ್ತೊಮ್ಮೆ ನೋಡುತ್ತಿದ್ದರು.