ಇಲಿಯ ಎದೆ, ಅಪ್ಪಯ್ಯನ ಎದೆ

ಇಲಿಗಳಿಗೆ ಹೃದಯಾಘಾತ ಮಾಡುವುದು ನನ್ನ ಕೆಲಸ. ಸುತ್ತಿಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಅರಿವಳಿಕೆ ಕೊಟ್ಟು, ಗಂಟಲಿಗೆ ನಳಿಕೆ ಇಳಿಸಿ, ಪಕ್ಕೆಲುಬುಗಳ ನಡುವೆ ಸೀಳಿ, ಬಟಾಣಿ ಕಾಳಿನಷ್ಟಿರುವ ಹೃದಯದ ಎಡ ರಕ್ತನಾಳವನ್ನು ತೆಳ್ಳಗಿನ ದಾರದಿಂದ ಬಿಗಿಯುತ್ತೇನೆ. ದಾರದ ಕೆಳಗಿನ ಭಾಗ ನೋಡನೋಡುತ್ತಲೇ ಬಿಳಿಚಿಕೊಳ್ಳುತ್ತದೆ. ಎದೆ ಹೊಲಿದು, ನೋವಿಗೆ ಔಷಧಿ ಕೊಟ್ಟು ಗೂಡಿಗೆ ಬಿಡುತ್ತೇನೆ. ಭಯವಿರುವುದು ಆಮೇಲಿನ ವಾರದಲ್ಲಿ. ಸತ್ತ ಮಾಂಸ ಮೆತ್ತಗಾಗಿರುತ್ತದೆ, ಗಾಯ ಇನ್ನೂ ಗಟ್ಟಿ ಕಟ್ಟಿರುವುದಿಲ್ಲ. ಓಡಾಡಿಕೊಂಡಿದ್ದ ಇಲಿ ಇದ್ದಕ್ಕಿದ್ದಂತೆ ಸತ್ತುಬೀಳುತ್ತದೆ. ಕೊಯ್ದರೆ ಎದೆಗೂಡಿನ ತುಂಬ ಹೆಪ್ಪುಗಟ್ಟಿದ ರಕ್ತ. ಹೃದಯದ ಗೋಡೆ ಹರಿದಿರುತ್ತದೆ.

ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಹೃದಯದ ಸಂಶೋಧನೆ ಅಂದರೆ ಅವರಿಗೆ ಸಾಕಾಗಿತ್ತು. ಇಲಿ ಗಣಪತಿಯ ವಾಹನವೆಂದು ಕಾನಸೂರಿನ ತನ್ನ ಹಿಟ್ಟಿನ ಗಿರಣಿಯಲ್ಲೂ ಬೋನು ಇಡದ ಮನುಷ್ಯ ನನ್ನ ಅಪ್ಪಯ್ಯ.

ಆ ಅಪ್ಪಯ್ಯನಿಗೇ ಗಿರಣಿಯಲ್ಲಿ ಎದೆ ಹಿಡಿದುಕೊಂಡಿತು. ಜೊತೆಗಿದ್ದ ಅತ್ತೆ, ಅವನ ಅಕ್ಕ, "ಗ್ಯಾಸ್ ಆಗಿಕ್ಕು, ಅಪ್ಪೆಹುಳಿ ಕುಡದು ಮಲಗು" ಎಂದಳು. ನಮ್ಮ ಕಡೆ ಎದೆಯುರಿಗೂ ಹೊಟ್ಟೆಯುಬ್ಬರಕ್ಕೂ ಮಾವಿನಕಾಯಿಯ ಆ ಹುಳಿನೀರೇ ಮದ್ದು. ಅವನು ಲೋಟದ ಮೇಲೆ ಲೋಟ ಕುಡಿದು ಇಡೀ ದಿನ ಬೆವರುತ್ತ ಮಲಗಿದ. ಶಿರಸಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯದ ಒಂದು ಪಾಲು ಸತ್ತಿತ್ತು. ಸುದ್ದಿ ಕೇಳಿದಾಗ ಅತ್ತೆಯ ಕತ್ತು ಹಿಸುಕುವಷ್ಟು ಸಿಟ್ಟು ಬಂದಿತ್ತು ನನಗೆ.

ನಾನು ಊರು ಮುಟ್ಟುವಾಗ ಅಪ್ಪಯ್ಯ ಡಾಕ್ಟರ ಮಾತು ಮೀರಿ, ಹಟ ಹಿಡಿದು ಮನೆಗೆ ಬಂದಾಗಿತ್ತು. ತನ್ನ ತಮ್ಮ ಉಳಿದರೆ ಯಲ್ಲಾಪುರದ ಬಳಿಯ ಚಂದಗುಳಿಯ ಗಣಪತಿಗೆ ಅವನ ಕೈಯಿಂದಲೇ ಗಂಟೆ ಕಟ್ಟಿಸುವೆನೆಂದು ಅತ್ತೆ ಹರಕೆ ಹೊತ್ತಿದ್ದಳು. ಮರುದಿನ ಸಂಕಷ್ಟಿ. ಬೆಳಗಾಗುತ್ತಲೇ ಜಗಲಿಯ ಮೇಲೆ ಹೊಸ ಹಿತ್ತಾಳೆ ಗಂಟೆ ಕುಳಿತಿತ್ತು, ಅಂಗಳದಲ್ಲಿ ಬಾಡಿಗೆ ಜೀಪು ಚಾಲಕನ ಸಮೇತ ನಿಂತಿತ್ತು.

"ಈ ವಾರ ಏಳಲಾಗ," ಎಂದೆ. "ಯಲ್ಲಾಪುರದ ರಸ್ತೆಲಿ ಕುಲುಕಿಸ್ಕ್ಯಂಡು ಹೋದ್ರೆ ಎದೆ ಹರಿತು."

"ನಿಂಗೆಂತ ಗೊತ್ತು?" ಎಂದ ಅಪ್ಪಯ್ಯ, ಪಂಚೆ ಕಟ್ಟಿಕೊಳ್ಳುತ್ತ.

ನನ್ನ ಪಿತ್ತ ನೆತ್ತಿಗೇರಿತು. "ಗೊತ್ತಿದ್ದು. ಆನು ಇಲಿ ಎದೆ ಸೀಳಿ, ಹೀಂಗೇ ಅದಕ್ಕೆ ಹೃದಯಾಘಾತ ಮಾಡ್ತಿ. ಹರಿದ ಹೃದಯ ಕೈಯಲ್ಲಿ ಹಿಡದು ನೋಡಿದ್ದಿ." ನನ್ನ ಕೆಲಸ ಏನೆಂದು ಮನೆಯಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು.

ಅತ್ತೆ ಕಿವಿ ಮುಚ್ಚಿಕೊಂಡಳು. ಈ ಪಾಪವೇ ತನ್ನ ತಮ್ಮನ ಎದೆಗೆ ಬಡಿದದ್ದು ಎಂದಳು. "ಬಡದಿದ್ದು ನಿನ್ನ ಅಪ್ಪೆಹುಳಿ," ಎಂದು ನಾನು ಅವಳನ್ನು ತಳ್ಳಿದೆ. ಬಾಗಿಲ ಚೌಕಟ್ಟಿಗೆ ಬಡಿದುಕೊಂಡು ಕುಸಿದು ಕುಳಿತಳು. ಜೀಪಿನ ಕೀ ಕಿತ್ತು ಬಾವಿಗೆ ಎಸೆದೆ. ತಿರುಗುವಷ್ಟರಲ್ಲಿ ಗಂಟೆ ಬಂದು ಹುಬ್ಬಿಗೆ ಅಪ್ಪಳಿಸಿತು. ಎಸೆದವನು ಅಪ್ಪಯ್ಯ. ಜೀವನದಲ್ಲಿ ಒಮ್ಮೆಯೂ ನನ್ನ ಮೇಲೆ ಕೈ ಮಾಡದವನು. ರಕ್ತ ಕಣ್ಣಿಗಿಳಿದು ಅಂಗಳ ಕೆಂಪಾಗಿ ಕಂಡಿತು.

ಮರುಕ್ಷಣ ಅವನ ಮುಖ ಬೂದಿಬಣ್ಣಕ್ಕೆ ತಿರುಗಿತು. ಎದೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಾನು ಓಡಿಹೋಗಿ ಅವನ ಎದೆಗೆ ಕಿವಿಯಿಟ್ಟೆ. ನನ್ನ ರಕ್ತ ಅವನ ಬಿಳಿ ಬನಿಯನ್ನಿಗೆ ಮೆತ್ತುತ್ತಿತ್ತು. ಅವನು ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದ. ಹೊಡೆಯಲಿಕ್ಕೋ ಆತುಕೊಳ್ಳಲಿಕ್ಕೋ ತಿಳಿಯಲಿಲ್ಲ.

"ಎದೆ ಹರದು ಹೋತಾ?" ಎಂದು ಕೇಳಿದ.

ಹೃದಯ ಬಡಿಯುತ್ತಿತ್ತು. ವೇಗವಾಗಿ, ಅಡ್ಡಾದಿಡ್ಡಿಯಾಗಿ, ಆದರೆ ಬಡಿಯುತ್ತಿತ್ತು. "ಇಲ್ಲೆ," ಎಂದೆ.

ಆಮೇಲೆ ಅವನು ತಾನಾಗಿ ಒಳಗೆ ನಡೆಯಲು ಹೋಗಲಿಲ್ಲ. ನಾನು, ಜೀಪಿನವನು ಸೇರಿ ಎತ್ತಿ ಮಂಚಕ್ಕೆ ಹಾಕಿದೆವು. ಆಸ್ಪತ್ರೆಯ ಆಂಬ್ಯುಲೆನ್ಸಿಗೆ ಫೋನು ಮಾಡಿ ಅವನ ಪಕ್ಕ ಕುಳಿತೆ. ಅಪ್ಪಯ್ಯ ಸೂರು ನೋಡುತ್ತ ಕೇಳಿದ.

"ಆ ಇಲಿಗಳಲ್ಲಿ ಬದುಕಿದ್ದು ಇದ್ದಾ?"

"ಇದ್ದು. ಸುಮಾರು ಬದುಕ್ತು."

ಅವನು ಉಸಿರು ಬಿಟ್ಟು ಕಣ್ಣು ಮುಚ್ಚಿದ. ಬದುಕಿದವನ್ನೂ ನಾವು ಕೊಲ್ಲುತ್ತೇವೆ. ಗಾಯ ಎಷ್ಟು ಮಾಗಿದೆಯೆಂದು ಹೃದಯ ಹೊರತೆಗೆದೇ ನೋಡಬೇಕು. ಅದನ್ನು ಅವನು ಕೇಳಲಿಲ್ಲ. ನಾನು ಅವನ ಕೈ ಹಿಡಿದು ಕುಳಿತೇ ಇದ್ದೆ.