ಕಸ ತೆಗೆಯಲು ಹೋಗಿ ಲಾನ್ ತೆಗೆದೆ

ನೋಡ್ರವ್ವಾ, ಮಧ್ಯಾಹ್ನದಿಂದ ನನ್ನ ಸೊಸೆ ಶೈಲಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಗದಗಿನ ನಮ್ಮ ಮನೆಯ ಮುಂದೆ ಅವಳು ಬೆಳೆಸಿದ ಲಾನ್ ಅಲ್ಲಲ್ಲಿ ಬೋಳಾಗಿತ್ತು. ಯುಗಾದಿಗೆ ಅವಳ ತವರಿನವರು ಮೊದಲ ಸಲ ಈ ಮನೆಗೆ ಬರುವವರಿದ್ದಾರೆ, ಅಷ್ಟರೊಳಗೆ ಅದು ಹಸಿರಾಗಬೇಕು. ಬೆಳಿಗ್ಗೆ ಶಾಲೆಗೆ ಪಾಠ ಹೇಳಲು ಹೊರಟವಳು, "ಅತ್ತಿಯವರ, ಅದರಾಗಿನ ಕಸ ಒಂದೀಟು ತಗೀರಿ" ಅಂದಳು.

ಕಸ ತೆಗೆಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಏಕೀಕರಣದ ವರ್ಷ ನಾನು ಎಂಟರ ಹುಡುಗಿ. ಸೊರಟೂರಿನ ಹೊಲದಲ್ಲಿ ಅಪ್ಪನ ನೇಗಿಲಿನ ಹಿಂದೆ ಕರಕಿ, ಅಂದರೆ ಗರಿಕೆ ಹುಲ್ಲಿನ ಬೇರು ಆರಿಸುತ್ತಿದ್ದೆ. ಒಂದು ಗಿಣ್ಣು ಉಳಿದರೂ ಬೈಗುಳ ಬೀಳುತ್ತಿತ್ತು. ಇವತ್ತೂ ಹಾಗೇ ಕುರ್ಪಿ ಹಿಡಿದು ಕುಳಿತೆ. ಸೊಂಟ ಹಿಡಿದುಕೊಳ್ಳುವವರೆಗೆ ಕರಕಿಯನ್ನೆಲ್ಲ ಬೇರುಸಹಿತ ಕಿತ್ತೆ. ನಡುನಡುವೆ ಹಬ್ಬಿದ್ದ ಗೋಳಿ ಪಲ್ಯದ ಸೊಪ್ಪನ್ನು ಮಾತ್ರ ಜೋಪಾನವಾಗಿ ಉಳಿಸಿದೆ.

ಶೈಲಾ ಬಂದವಳು ಗೇಟಿನಲ್ಲೇ ನಿಂತಳು.

"ಅತ್ತಿಯವರ, ಲಾನ್ ಎಲ್ಲೈತ್ರಿ?"

"ಎಲ್ಲೀ ಲಾನ್? ಬರೇ ಕರಕಿ ಇತ್ತು, ಕಿತ್ತು ತಿಪ್ಪಿಗೆ ಒಗದೆ."

"ಅದ ಲಾನ್ ರೀ! ನೀವು ಉಳಿಸಿದ್ದು ಕಸ!"

"ಕಸ ಅಂತ ಕಸ! ರೊಟ್ಟಿ ಜೋಡಿ ತಿಂದು ನೋಡು, ಆಮ್ಯಾಲ ಹೇಳು."

ಅವಳ ಕಣ್ಣಲ್ಲಿ ನೀರು ಬಂತು. ಹಾಗೇ ಒಳಗೆ ಹೋದಳು.

ಸಂಜೆ ಒಬ್ಬಳೇ ತಿಪ್ಪೆ ಕೆದರಿ, ಬಾಡಿದ ಬೇರುಗಳನ್ನು ಆರಿಸಿ ತಂದು ಒಂದೊಂದೇ ನೆಟ್ಟೆ. ಆಯುಷ್ಯವಿಡೀ "ಸಾಯಿ" ಎಂದು ಬೈದ ಹುಲ್ಲಿಗೆ "ಬದುಕ ನನ್ನವ್ವಾ, ಹಬ್ಬ ಬಂತು" ಎಂದು ತಂಬಿಗೆಯಿಂದ ನೀರು ಹೊಯ್ದೆ.