ಸೀನಿನ ಹೆಸರಿನ ಸಂಘ

ನನ್ನ ಮಗಳು ಮೇಘನಾ ತನ್ನ ಯೂನಿವರ್ಸಿಟಿಯಲ್ಲಿ ಒಂದು ಸಂಘ ಕಟ್ಟಿದ್ದಾಳೆ. ಅದರ ಹೆಸರು ಹೇಳಿದರೆ ಸಾಕು, ಡಚ್ಚರು "ಖೆಜೊಂಡ್‌ಹೈಟ್!" ಅನ್ನುತ್ತಾರೆ. ಸೀನಿದವರಿಗೆ ಇಲ್ಲಿ ಹೇಳುವ ಮಾತು ಅದು. (ನಾವು ಸೀನಿದಾಗ ಅಜ್ಜಿ 'ನೂರು ವರ್ಷ' ಅನ್ನುತ್ತಿದ್ದಳಲ್ಲ, ಹಾಗೆ.)

ಸಂಘದ ಹೆಸರು 'ಕೈ ಹಚ್ಚು'. ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಭಾರ ಎತ್ತಬೇಕು, ನೀನೂ ಕೈ ಜೋಡಿಸು. ಡಚ್ಚರ ಕಿವಿಗೆ ಮಾತ್ರ ಆ 'ಹಚ್ಚು' ಅಪ್ಪಟ ಸೀನು!

ಇದಕ್ಕೆಲ್ಲ ಮೂಲಪುರುಷ ನಾನೇ. ಹನ್ನೆರಡು ವರ್ಷದ ಹಿಂದೆ ಟಿಲ್‌ಬರ್ಗ್‌ಗೆ ಮನೆ ಬದಲಿಸಿದಾಗ ಏಣಿಯಂಥ ಮೆಟ್ಟಿಲಲ್ಲಿ ನಮ್ಮ ಕಪಾಟು ಸಿಕ್ಕಿಕೊಂಡಿತು. ಮೇಲೆ ಕಪಾಟು, ಕೆಳಗೆ ನಾನು. ಗಾಬರಿಯಲ್ಲಿ ಇಂಗ್ಲಿಷ್ ಎಲ್ಲಿಂದ ಬರಬೇಕು? "ಯಾರರ ಕೈ ಹಚ್ರಿ!" ಎಂದು ಕೂಗಿದೆ. ಬಾಗಿಲ ಮುಂದೆ ಹೋಗುತ್ತಿದ್ದವನೊಬ್ಬ "ಖೆಜೊಂಡ್‌ಹೈಟ್" ಎಂದು ನಕ್ಕು, ಸೈಕಲ್ ತುಳಿದುಕೊಂಡು ಹೋದ. ಎಂಟು ವರ್ಷದ ಮೇಘನಾ ನೋಡುತ್ತಾ ನಿಂತಿದ್ದಳು. ನನಗೆ ಎಂಥ ನಾಚಿಕೆ! ಅವತ್ತಿನಿಂದ ಬೀದಿಯಲ್ಲಿ ಕನ್ನಡದಲ್ಲಿ ಕೂಗುವುದನ್ನೇ ಬಿಟ್ಟೆ.

ಈಗ ಅವಳು ನೈಮೆಗನ್‌ನಲ್ಲಿ ಓದುತ್ತಾಳೆ. ಸ್ಟೂಡೆಂಟ್ ಸಂಘ ಎಂದಾಗ ನನಗೆ ಹೊಳೆದದ್ದು ಬಿಯರ್. (ತಪ್ಪೇ? ಇಲ್ಲಿನ ಕೆಲವು ಸಂಘಗಳ ಬಾಗಿಲಲ್ಲಿ ಖಾಲಿ ಬಾಟಲಿಗಳನ್ನು ದಾಟಿಯೇ ಒಳಗೆ ಹೋಗಬೇಕು.) ಇವಳದ್ದೋ, ಮನೆ ಬದಲಿಸುವ ಒಂಟಿ ಹಿರಿಯರ, ಊರಿಗೆ ಹೊಸಬರ ಸಾಮಾನು ಪುಕ್ಕಟೆ ಹೊರುವ ಸಂಘ. ನೋಟರಿಯ ಹತ್ತಿರ ಉದ್ದೇಶ ಬರೆಸಬೇಕಿತ್ತು. ಒಂದೇ ಸಾಲು ಬರೆಸಿದ್ದಾಳೆ: ಕರೆದವರ ಮೆಟ್ಟಿಲಿಗೆ ಹೋಗುವುದು.

"ಆ ಹೆಸರು ಬ್ಯಾಡ ಮೇಘಾ, ಮಂದಿ ನಗ್ತಾರ," ಎಂದೆ.

"ನಗ್ಲಿ ಬಿಡಪ್ಪಾ. ನಗಾಕರ ಒಂದ್ ಮಿನಿಟ್ ಸ್ಟಾಪ್ ಆಗ್ತಾರಲ್ಲ, ಆಗ ಎಕ್ಸ್‌ಪ್ಲೇನ್ ಮಾಡ್ತೀನಿ. ಅವತ್ತು ನಿನಗ ಯಾರೂ ಸ್ಟಾಪ್ ಆಗ್ಲಿಲ್ಲ."

ನಾನು ನುಂಗಿಕೊಂಡಿದ್ದನ್ನು ಅವಳು ಇಷ್ಟು ವರ್ಷ ಮರೆತಿರಲಿಲ್ಲ.

ಕಳೆದ ಶನಿವಾರ ಸಂಘದ ಮೊದಲ ಕೆಲಸ. ಎಂಬತ್ತು ದಾಟಿದ ಡಚ್ ಅಜ್ಜಿಯೊಬ್ಬರು ಮೂರನೇ ಮಹಡಿಯಿಂದ ಕೆಳಗಿನ ಮನೆಗೆ ಬರುವವರಿದ್ದರು. ನಾನು ಬರೀ ನೋಡಲು ಹೋಗಿದ್ದೆ, ಎರಡೂ ಕೈ ಜೇಬಿನಲ್ಲಿ. ಮೆಟ್ಟಿಲ ತಿರುವಿನಲ್ಲಿ ಅಜ್ಜಿಯ ಕಪಾಟು ಸಿಕ್ಕಿಕೊಂಡಿತು. (ಕಪಾಟುಗಳ ಬುದ್ಧಿಯೇ ಅಷ್ಟು.) ಮೇಲಿನಿಂದ ನನ್ನ ಮಗಳು ಇಡೀ ಬೀದಿಗೆ ಕೇಳುವಂತೆ ಕೂಗಿದಳು.

"ಅಪ್ಪಾ, ಕೈ ಹಚ್ಚು!"

ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ? ಓಡಿಹೋಗಿ ಹೆಗಲು ಕೊಟ್ಟೆ.

ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ "ಖೆಜೊಂಡ್‌ಹೈಟ್!" ಎಂದರು.

ನೂರು ವರ್ಷ! ಈಗಷ್ಟೇ ಹುಟ್ಟಿದ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಆಶೀರ್ವಾದ ಬೇಕೆ?